ಹೆಸರಿಗೆ ಹೆದರಬೇಡಿ, ಬಿಡಿಸಿ ಓದಿ

ನಿಮ್ಮ ಮನೆಯಲ್ಲಿ ಆಸ್ಪತ್ರೆಯ ಫೈಲ್ ಒಂದಾದರೂ ಇದ್ದೇ ಇರುತ್ತದೆ. ಕಪಾಟಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಆ ಫೈಲನ್ನು ಇಂದು ಹೊರತೆಗೆಯಿರಿ. ಡಿಸ್ಚಾರ್ಜ್ ಸಮ್ಮರಿಯ ಮೊದಲ ಪುಟದಲ್ಲಿ ‘ಡಯಾಗ್ನೋಸಿಸ್’ ಎಂಬುದರ ಮುಂದೆ ಏನು ಬರೆದಿದೆ ನೋಡಿ. ಅದನ್ನು ಗಟ್ಟಿಯಾಗಿ ಓದಲು ಆಗುತ್ತದೆಯೇ? ಓದಿದರೂ ಅದರ ಅರ್ಥವನ್ನು ಮನೆಯ ಹಿರಿಯರಿಗೆ ಒಂದೇ ವಾಕ್ಯದಲ್ಲಿ ಹೇಳಲು ಸಾಧ್ಯವೇ?

ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಉತ್ತರ ‘ಇಲ್ಲ’ ಎಂದೇ. ಚಿಕಿತ್ಸೆಗಾಗಿ ಒಡವೆ ಅಡವಿಟ್ಟಿರುತ್ತೇವೆ, ರಾತ್ರಿಯಿಡೀ ವಾರ್ಡಿನ ಹೊರಗೆ ಕಾದಿರುತ್ತೇವೆ, ನೆಂಟರಿಷ್ಟರಿಂದ ದುಆ ಮಾಡಿಸಿರುತ್ತೇವೆ. ಆದರೆ ಬಂದಿರುವ ಕಾಯಿಲೆಯ ಹೆಸರೇ ನಮಗೆ ಗೊತ್ತಿರುವುದಿಲ್ಲ. ಯಾರಾದರೂ ಕೇಳಿದರೆ, “ಏನೋ ಉದ್ದದ ಹೆಸರು ಹೇಳಿದರಪ್ಪಾ, ಬಾಯಿಗೆ ಬರುವುದಿಲ್ಲ” ಎನ್ನುತ್ತೇವೆ.

ಈ ಮಾತನ್ನು ನಾವು ಇನ್ನು ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಆ ಉದ್ದದ ಹೆಸರುಗಳಲ್ಲಿ ಹೆಚ್ಚಿನವು ಗ್ರೀಕ್ ಭಾಷೆಯ ಸಣ್ಣ ಸಣ್ಣ ತುಂಡುಗಳನ್ನು ಜೋಡಿಸಿ ಮಾಡಿದವು. ತುಂಡುಗಳು ನೂರಾರು ಇದ್ದರೂ ಮನೆಗೆ ಬೇಕಾಗುವುದು ಇಪ್ಪತ್ತೋ ಮೂವತ್ತೋ ಮಾತ್ರ. ಅಷ್ಟನ್ನು ಕಲಿಯಲು ವೈದ್ಯರಾಗಬೇಕಿಲ್ಲ. ಕಲಿಯದಿದ್ದರೆ ಆಗುವ ನಷ್ಟವಂತೂ ಸಣ್ಣದಲ್ಲ.

ಒಂದು ಅಕ್ಷರದ ಅಂತರ

ಮೊದಲು ‘ಹೈಪೋ’ ಮತ್ತು ‘ಹೈಪರ್’ ಎಂಬ ಜೋಡಿಯನ್ನೇ ತೆಗೆದುಕೊಳ್ಳಿ. ಗ್ರೀಕಿನಲ್ಲಿ ಹೈಪರ್ ಎಂದರೆ ಮೇಲೆ, ಮಿತಿ ಮೀರಿ. ಹೈಪೋ ಎಂದರೆ ಕೆಳಗೆ, ಕಡಿಮೆ. ಫೋನಿನಲ್ಲಿ ಅವಸರದಿಂದ ಹೇಳಿದರೆ ಎರಡೂ ಒಂದೇ ರೀತಿ ಕೇಳಿಸುತ್ತವೆ. ಅರ್ಥ ಮಾತ್ರ ಹಗಲು-ರಾತ್ರಿಯಷ್ಟು ಬೇರೆ.

‘ಗ್ಲೈಕ್’ ಎಂದರೆ ಸಿಹಿ, ‘ಈಮಿಯಾ’ ಎಂದರೆ ರಕ್ತದಲ್ಲಿರುವ ಸ್ಥಿತಿ. ಹಾಗಾಗಿ ಹೈಪೋಗ್ಲೈಸೀಮಿಯಾ ಎಂದರೆ ರಕ್ತದಲ್ಲಿ ಸಕ್ಕರೆ ಕುಸಿದಿರುವುದು. ಹೈಪರ್‌ಗ್ಲೈಸೀಮಿಯಾ ಎಂದರೆ ಸಕ್ಕರೆ ಏರಿರುವುದು. ಸಕ್ಕರೆ ಕುಸಿದವನಿಗೆ ಬೆವರು, ನಡುಕ, ಎದೆಬಡಿತ, ಗೊಂದಲ ಕಾಣಿಸುತ್ತದೆ. ಆಗ ಎಚ್ಚರವಿರುವಾಗಲೇ ತಕ್ಷಣ ಸಿಹಿ ಕೊಡದಿದ್ದರೆ ಪ್ರಜ್ಞೆ ತಪ್ಪಬಹುದು. ಸಕ್ಕರೆ ಏರಿದವನಿಗೆ ಅದೇ ಸಿಹಿ ಕೊಟ್ಟರೆ ತೊಂದರೆ ಹೆಚ್ಚುತ್ತದೆ.

ರಮಝಾನ್ ತಿಂಗಳಲ್ಲಿ ಈ ಎರಡು ಪದಗಳು ನಮ್ಮ ಮನೆಯ ಊಟದ ಸುಪ್ರಕ್ಕೇ ಬರುತ್ತವೆ. ಸಕ್ಕರೆ ಕಾಯಿಲೆಯವರು ಉಪವಾಸ ಹಿಡಿದಿರುವಾಗ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗೆ ಇಳಿದರೂ, 300 ಮಿಲಿಗ್ರಾಂ ದಾಟಿದರೂ ಉಪವಾಸ ತೊರೆಯಬೇಕೆಂದು ಈ ವಿಷಯದ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಮೊದಲನೆಯದು ಹೈಪೋ, ಎರಡನೆಯದು ಹೈಪರ್. ರೋಗಿಗೆ ಇರುವ ರಿಯಾಯಿತಿ ಪವಿತ್ರ ಕುರ್‌ಆನ್‌ನಲ್ಲೇ ಇದೆ. ಬೆರಳ ತುದಿಯ ಒಂದು ಹನಿ ರಕ್ತದಿಂದ ಪರೀಕ್ಷೆ ಮಾಡಿದರೆ ಉಪವಾಸ ಮುರಿಯುವುದಿಲ್ಲವೆಂದು ಹೆಚ್ಚಿನ ವಿದ್ವಾಂಸರು ಹೇಳಿದ್ದಾರೆ. ಆದರೂ ಅಸರ್ ಹೊತ್ತಿಗೆ ಮನೆಯ ಹಿರಿಯರು ನಡುಗುತ್ತಿದ್ದರೆ, “ಇನ್ನೇನು ಇಫ್ತಾರ್ ಬಂತು, ಸ್ವಲ್ಪ ಸಹಿಸಿ” ಎನ್ನುವವರಿದ್ದಾರೆ. ಡಾಕ್ಟರು ಶಾಬಾನಿನಲ್ಲೇ ಹೇಳಿದ ಎಚ್ಚರಿಕೆಯ ಪದ ಮನೆಯವರಿಗೆ ಅರ್ಥವಾಗಿದ್ದರೆ ಹೀಗೆ ಹೇಳುತ್ತಿರಲಿಲ್ಲ.

ಥೈರಾಯ್ಡ್ ವಿಷಯದಲ್ಲೂ ಇದೇ ಕತೆ. “ನಿನಗೂ ಥೈರಾಯ್ಡ್, ನನಗೂ ಥೈರಾಯ್ಡ್, ನಿನ್ನ ಮಾತ್ರೆ ಎರಡು ದಿನಕ್ಕೆ ಕೊಡು” ಎಂದು ಸಹೋದರಿಯರು ಹಂಚಿಕೊಳ್ಳುವುದುಂಟು. ಒಬ್ಬಳಿಗೆ ಹೈಪೋಥೈರಾಯ್ಡ್, ಇನ್ನೊಬ್ಬಳಿಗೆ ಹೈಪರ್‌ಥೈರಾಯ್ಡ್ ಆಗಿದ್ದರೆ? ಒಂದಕ್ಕೆ ಆ ಹಾರ್ಮೋನನ್ನೇ ಹೊರಗಿನಿಂದ ಕೊಡುತ್ತಾರೆ, ಇನ್ನೊಂದಕ್ಕೆ ಅದು ಹುಟ್ಟದಂತೆ ತಡೆಯುತ್ತಾರೆ. ಹಂಚಿಕೊಂಡ ಮಾತ್ರೆ ಇಲ್ಲಿ ಔಷಧಿಯಲ್ಲ, ಅಪಾಯ.

ಬಾಲದಿಂದ ಓದಿ

ಉದ್ದದ ಹೆಸರನ್ನು ಓದುವ ಸುಲಭ ದಾರಿ ಬಾಲದಿಂದ ಶುರು ಮಾಡುವುದು. ಬಾಲ ಹೇಳುವುದು ‘ಏನಾಗಿದೆ’ ಅಥವಾ ‘ಏನು ಮಾಡುತ್ತಾರೆ’ ಎಂಬುದನ್ನು. ತಲೆ ಹೇಳುವುದು ‘ಎಲ್ಲಿ’ ಎಂಬುದನ್ನು.

‘ಐಟಿಸ್’ ಎಂದರೆ ಉರಿಯೂತ. ‘ಆಲ್ಜಿಯಾ’ ಎಂದರೆ ನೋವು. ‘ಪೀನಿಯಾ’ ಎಂದರೆ ಬಡತನ, ಕೊರತೆ. ‘ಮೆಗಲಿ’ ಎಂದರೆ ದೊಡ್ಡದಾಗಿರುವುದು. ‘ಸ್ಕೋಪಿ’ ಎಂದರೆ ನೋಡುವುದು. ‘ಗ್ರಾಂ’ ಎಂದರೆ ಚಿತ್ರ, ದಾಖಲೆ. ‘ಪ್ಲಾಸ್ಟಿ’ ಎಂದರೆ ಸರಿಯಾದ ಆಕಾರಕ್ಕೆ ತರುವುದು.

ಇನ್ನು ತಲೆಗಳು. ಕಾರ್ಡಿಯೋ ಹೃದಯ, ನೆಫ್ರೋ ಮೂತ್ರಪಿಂಡ, ನ್ಯೂರೋ ನರ, ಗ್ಯಾಸ್ಟ್ರೋ ಹೊಟ್ಟೆ, ಎಂಟರೋ ಕರುಳು, ಆರ್ಥ್ರೋ ಕೀಲು, ಆಸ್ಟಿಯೋ ಮೂಳೆ, ಡರ್ಮಾ ಚರ್ಮ, ಹೆಪಾಟೋ ಯಕೃತ್ತು. ಗ್ರೀಕಿನ ಹೆಪಾರ್ ಮತ್ತು ನಾವು ಬಳಸುವ ಯಕೃತ್ತು ಒಂದೇ ಪುರಾತನ ಮೂಲದಿಂದ ಬಂದ ಪದಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನಾವು ಅಪರಿಚಿತರೆಂದುಕೊಂಡದ್ದು ಕೆಲವೊಮ್ಮೆ ದೂರದ ನೆಂಟರೇ.

ಈಗ ಮಳೆಗಾಲದಲ್ಲಿ ಡೆಂಗ್ಯೂ ರೋಗಿಗಳ ರಿಪೋರ್ಟಿನಲ್ಲಿ ಬರುವ ಆ ಭಯಂಕರ ಪದವನ್ನು ನೋಡಿ: ಥ್ರಾಂಬೋಸೈಟೋಪೀನಿಯಾ. ಬಿಡಿಸಿ. ಥ್ರಾಂಬೋ ಎಂದರೆ ಹೆಪ್ಪು, ಸೈಟೋ ಎಂದರೆ ಕಣ, ಪೀನಿಯಾ ಎಂದರೆ ಕೊರತೆ. ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗಿವೆ. ಅಂದರೆ ಊರಿಗೆಲ್ಲ ಗೊತ್ತಿರುವ ‘ಪ್ಲೇಟ್‌ಲೆಟ್ ಇಳಿದಿದೆ’ ಎಂಬ ಮಾತೇ!

ಪಿತ್ತಕೋಶದಲ್ಲಿ ಕಲ್ಲಾದವರಿಗೆ ಮಾಡುವ ಆಪರೇಷನ್ನಿನ ಹೆಸರು ಕೊಲೆಸಿಸ್ಟೆಕ್ಟಮಿ. ಮೊದಲೆರಡು ಅಕ್ಷರ ಕೇಳಿ ಕನ್ನಡಿಗರು ಬೆಚ್ಚಬೇಕಿಲ್ಲ. ಗ್ರೀಕಿನಲ್ಲಿ ‘ಕೊಲೆ’ ಎಂದರೆ ಪಿತ್ತ, ‘ಸಿಸ್ಟ್’ ಎಂದರೆ ಚೀಲ, ‘ಎಕ್ಟಮಿ’ ಎಂದರೆ ಕತ್ತರಿಸಿ ಹೊರತೆಗೆಯುವುದು. ಪಿತ್ತದ ಚೀಲವನ್ನು ತೆಗೆಯುವುದು, ಅಷ್ಟೆ.

ಎದೆನೋವೆಂದು ಹೋದವರಿಗೆ ಆಂಜಿಯೋಗ್ರಾಂ ಮಾಡಿದರೆ, “ಹಾರ್ಟ್ ಆಪರೇಷನ್ ಆಯಿತು” ಎಂದು ಸುದ್ದಿ ಹಬ್ಬುತ್ತದೆ. ‘ಆಂಜಿಯೋ’ ಎಂದರೆ ರಕ್ತನಾಳ. ಆಂಜಿಯೋಗ್ರಾಂ ನಾಳದ ಚಿತ್ರ ತೆಗೆಯುವ ಪರೀಕ್ಷೆ. ಆಂಜಿಯೋಪ್ಲಾಸ್ಟಿ ಆ ನಾಳವನ್ನು ಹಿಗ್ಗಿಸಿ ಸರಿಪಡಿಸುವ ಚಿಕಿತ್ಸೆ. ಎರಡಕ್ಕೂ ಖರ್ಚು ಬೇರೆ, ಅಪಾಯ ಬೇರೆ, ನಂತರದ ಔಷಧಿ ಬೇರೆ. ನೀವು ಸಹಿ ಹಾಕುತ್ತಿರುವುದು ಯಾವುದಕ್ಕೆ ಎಂದು ಬಾಲವೇ ಹೇಳುತ್ತದೆ.

ಒಂದು ತೀರ್ಪು ಕಲಿಸಿದ ಪಾಠ

ಸಹಿಯ ಮಾತು ಬಂದುದರಿಂದ 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ಒಂದು ತೀರ್ಪನ್ನು ನೆನಪಿಸಲೇಬೇಕು. ಮಹಿಳೆಯೊಬ್ಬರು ಲ್ಯಾಪರೋಸ್ಕೋಪಿಗೆ ಒಪ್ಪಿಗೆ ಕೊಟ್ಟಿದ್ದರು. ಬೇಕಾದರೆ ಲ್ಯಾಪರೋಟಮಿ ಮಾಡಬೇಕಾಗಬಹುದು ಎಂದೂ ಫಾರಂನಲ್ಲಿತ್ತು. ಅವರು ಅರಿವಳಿಕೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಹಿಸ್ಟರೆಕ್ಟಮಿಯನ್ನೂ, ಎರಡೂ ಬದಿಯ ಸಾಲ್ಪಿಂಗೋ-ಊಫೊರೆಕ್ಟಮಿಯನ್ನೂ ಮಾಡಲಾಯಿತು.

ಈ ನಾಲ್ಕು ಪದಗಳನ್ನು ಬಿಡಿಸಿ ಓದಿ. ‘ಲ್ಯಾಪರೋ’ ಹೊಟ್ಟೆಯ ಭಾಗ. ಲ್ಯಾಪರೋಸ್ಕೋಪಿ ಎಂದರೆ ಸಣ್ಣ ರಂಧ್ರದ ಮೂಲಕ ಹೊಟ್ಟೆಯ ಒಳಗೆ ನೋಡುವುದು. ‘ಟಮಿ’ ಎಂದರೆ ಕೊಯ್ಯುವುದು. ಲ್ಯಾಪರೋಟಮಿ ಎಂದರೆ ಹೊಟ್ಟೆಯನ್ನು ಕೊಯ್ದು ತೆರೆಯುವುದು. ‘ಹಿಸ್ಟರ್’ ಎಂದರೆ ಗರ್ಭಕೋಶ. ಹಿಸ್ಟರೆಕ್ಟಮಿ ಎಂದರೆ ಅದನ್ನು ತೆಗೆದುಹಾಕುವುದು. ‘ಸಾಲ್ಪಿಂಗೋ’ ಗರ್ಭನಾಳ, ‘ಊಫೊರ್’ ಅಂಡಾಶಯ, ಅವೂ ಹೋದವು. ನೋಡುವುದು, ಕೊಯ್ಯುವುದು, ತೆಗೆದುಹಾಕುವುದು: ಬಾಲ ಬದಲಾದಂತೆ ಒಬ್ಬ ಹೆಣ್ಣಿನ ಬದುಕೇ ಬದಲಾಯಿತು.

ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಒಪ್ಪಿಗೆಯಾಗದು, ಪ್ರಾಣಾಪಾಯದ ತುರ್ತು ಇಲ್ಲದಿರುವಾಗ ಪ್ರಾಯಕ್ಕೆ ಬಂದ ರೋಗಿಯ ಬದಲು ತಾಯಿಯ ಸಹಿ ಸಾಲದು ಎಂದು ನ್ಯಾಯಾಲಯ ಹೇಳಿತು. ಚಿಕಿತ್ಸೆ ಎಂಥದು, ಅದರ ಉದ್ದೇಶವೇನು, ಪ್ರಯೋಜನವೇನು, ಬೇರೆ ದಾರಿ ಇದೆಯೇ, ಮುಖ್ಯ ಅಪಾಯಗಳೇನು, ಬೇಡವೆಂದರೆ ಏನಾಗುತ್ತದೆ ಎಂಬುದನ್ನು ವೈದ್ಯರು ರೋಗಿಗೆ ತಿಳಿಸಬೇಕೆಂದೂ ಸ್ಪಷ್ಟಪಡಿಸಿತು.

ಈಗ ನಮ್ಮ ಮನೆಗಳನ್ನೇ ನೋಡಿಕೊಳ್ಳೋಣ. ಸೊಸೆಯ ಆಪರೇಷನ್ನಿಗೆ ಅತ್ತೆ ಒಪ್ಪುತ್ತಾರೆ, ಗಂಡ ಸಹಿ ಹಾಕುತ್ತಾನೆ, ಆಕೆಯನ್ನು ಯಾರೂ ಕೇಳುವುದಿಲ್ಲ. ಗರ್ಭಕೋಶದಲ್ಲಿ ಗಡ್ಡೆ ಇದೆ ಎಂದಾಗ ಮಯೋಮೆಕ್ಟಮಿ ಮಾಡುತ್ತಾರೋ ಹಿಸ್ಟರೆಕ್ಟಮಿ ಮಾಡುತ್ತಾರೋ ಎಂದು ಕೇಳಿದ್ದೀರಾ? ಮೊದಲನೆಯದರಲ್ಲಿ ಗಡ್ಡೆ ಮಾತ್ರ ಹೋಗುತ್ತದೆ, ಗರ್ಭಕೋಶ ಉಳಿಯುತ್ತದೆ. ಎರಡನೆಯದರಲ್ಲಿ ಇನ್ನು ತಾಯಿಯಾಗುವ ಅವಕಾಶವಿಲ್ಲ. ಅಂಡಾಶಯ ಉಳಿಸುತ್ತಾರೋ ತೆಗೆಯುತ್ತಾರೋ ಎಂದು ಕೇಳಿದ್ದೀರಾ? ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಎರಡೂ ಅಂಡಾಶಯ ತೆಗೆದರೆ ಮರುದಿನದಿಂದಲೇ ದೇಹ ಆ ವಯಸ್ಸಿಗೆ ಹೋಗಿಬಿಡುತ್ತದೆ. ಮೂಳೆ ಬೇಗ ಸವೆಯುತ್ತದೆ. ಕೆಲವರಿಗೆ ಅದು ಅನಿವಾರ್ಯವೇ ಇರಬಹುದು. ಆದರೆ ಆ ನಿರ್ಧಾರ ಆಕೆಗೆ ಅರ್ಥವಾಗಿ ಆಗಬೇಕು. ಗಂಡ ಜೊತೆಗಿರಲಿ, ಅತ್ತೆ ಧೈರ್ಯ ಹೇಳಲಿ. ಒಪ್ಪಿಗೆ ಮಾತ್ರ ಆಕೆಯದ್ದೇ ಆಗಿರಲಿ.

ಉಚ್ಚಾರಣೆಗೆ ನಾಚಿಕೆ ಏಕೆ?

“ಅರ್ಥ ಸರಿ, ಆದರೆ ನಾಲಿಗೆ ಹೊರಳುವುದಿಲ್ಲ” ಎನ್ನುವವರಿಗೆ ಒಂದು ಮಾತು. ನಮ್ಮ ಮಕ್ಕಳು ಐದಾರು ವರ್ಷಕ್ಕೇ ಮದ್ರಸದಲ್ಲಿ ತಜ್ವೀದ್ ಕಲಿಯುತ್ತಾರೆ. ಯಾವ ಅಕ್ಷರ ಗಂಟಲಿನಿಂದ, ಯಾವುದು ನಾಲಿಗೆಯ ತುದಿಯಿಂದ, ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕು ಎಂದು ಉಸ್ತಾದರು ತಾಳ್ಮೆಯಿಂದ ತಿದ್ದುತ್ತಾರೆ. ತಮ್ಮದಲ್ಲದ ಭಾಷೆಯ ಅಕ್ಷರಗಳನ್ನು ಇಷ್ಟು ಶ್ರದ್ಧೆಯಿಂದ ಕಲಿತ ನಾಲಿಗೆಗೆ ‘ನ್ಯುಮೋನಿಯಾ’ ಕಷ್ಟವೇ?

ನಿಯಮಗಳೂ ಕೆಲವೇ. ಪದದ ಆರಂಭದಲ್ಲಿ ‘ಪಿ’ ಅಕ್ಷರದ ನಂತರ ‘ಎನ್’, ‘ಎಸ್’ ಅಥವಾ ‘ಟಿ’ ಬಂದರೆ ಪಿ ಮೌನ: ನ್ಯುಮೋನಿಯಾ, ಸೋರಿಯಾಸಿಸ್, ಕಣ್ಣಿನ ರೆಪ್ಪೆ ಜೋತುಬೀಳುವ ಟೋಸಿಸ್. ಅದೇ ಪಿ ಪದದ ನಡುವೆ ಬಂದರೆ ಮತ್ತೆ ಕೇಳಿಸುತ್ತದೆ: ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಆಪ್ನಿಯಾ. ಅರಬಿಯ ಹಮ್ಝತುಲ್ ವಸ್ಲ್ ಆರಂಭದಲ್ಲಿ ಕೇಳಿಸಿ, ಕೂಡಿಸಿ ಓದುವಾಗ ಬಿದ್ದುಹೋಗುತ್ತದಲ್ಲ, ಇದು ಅದರ ತದ್ವಿರುದ್ಧ ಎಂದು ನೆನಪಿಟ್ಟುಕೊಳ್ಳಿ. ‘ಸಿ-ಎಚ್’ ಬಂದರೆ ‘ಕ’ ಎನ್ನಿ: ಕೊಲೆಸ್ಟ್ರಾಲ್, ಕ್ರಾನಿಕ್. ‘ಪಿ-ಎಚ್’ ಬಂದರೆ ‘ಫ’. ‘ಆರ್-ಎಚ್’ ಬಂದರೆ ಎಚ್ ಮೌನ: ಡಯರಿಯಾ. ಒಮ್ಮೆ ಸರಿಯಾಗಿ ಕೇಳಿ ಕನ್ನಡದಲ್ಲಿ ಬರೆದಿಟ್ಟುಕೊಂಡರೆ ಮುಗಿಯಿತು. ಬರೆದಂತೆ ಓದುವ ಲಿಪಿ ನಮ್ಮದು; ಇಂಗ್ಲಿಷಿನ ಆಟ ಇಲ್ಲಿ ನಡೆಯದು.

ಅರಬಿ ವ್ಯಾಕರಣ ಓದಿದವರಿಗಂತೂ ಈ ಪದಗಳ ಕಟ್ಟಡ ಹೊಸದಲ್ಲ. ಝುಕಾಮ್ ನೆಗಡಿ, ಸುಆಲ್ ಕೆಮ್ಮು, ಸುದಾಅ್ ತಲೆನೋವು, ಜುಝಾಮ್ ಕುಷ್ಠ. ಎಲ್ಲವೂ ‘ಫುಆಲ್’ ಎಂಬ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು. ಆ ಅಚ್ಚು ಕೇಳಿದರೇ ಕಾಯಿಲೆಯ ಹೆಸರಿರಬೇಕೆಂದು ಬಲ್ಲವರು ಊಹಿಸುತ್ತಾರೆ. ಗ್ರೀಕಿನ ‘ಐಟಿಸ್’ ಮಾಡುವುದೂ ಇದೇ ಕೆಲಸವನ್ನು.

ಈ ಪದಗಳು ನಮಗೆ ಹೊಸಬರಲ್ಲ

ಗ್ರೀಕ್ ವೈದ್ಯಕೀಯ ನಮಗೆ ಸಂಬಂಧವಿಲ್ಲದ ವಸ್ತು ಎಂದು ಯಾರಾದರೂ ಹೇಳಿದರೆ, ‘ಯುನಾನಿ’ ಎಂದರೇನೆಂದು ಕೇಳಿ. ಯುನಾನ್ ಎಂದರೆ ಗ್ರೀಸ್. ಬೆಂಗಳೂರಿನಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯೇ ಇದೆ. ಇಬ್ನು ಸೀನಾರ ಮಹಾಗ್ರಂಥದ ಹೆಸರಿನ ‘ಕಾನೂನ್’ ಎಂಬ ಪದವೂ ಗ್ರೀಕಿನಿಂದ ಬಂದದ್ದೇ. ಉರ್ದು ಮನೆಗಳಲ್ಲಿ ಕಫಕ್ಕೆ ಹೇಳುವ ‘ಬಲ್ಗಮ್’ ಗ್ರೀಕಿನ ‘ಫ್ಲೆಗ್ಮಾ’. ಸಕ್ಕರೆ ಕಾಯಿಲೆಗೆ ಹಕೀಮರು ಹೇಳುವ ‘ಝಿಯಾಬೀತಸ್’ ಮತ್ತು ಡಾಕ್ಟರ್ ಹೇಳುವ ‘ಡಯಾಬಿಟಿಸ್’ ಒಂದೇ ಪದ. ನೀರು ನಿಲ್ಲದೆ ಹಾದುಹೋಗುವುದು ಎಂಬುದು ಅದರ ಮೂಲಾರ್ಥ.

ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಹುನೈನ್ ಇಬ್ನು ಇಸ್ಹಾಕ್ ಎಂಬ ಕ್ರೈಸ್ತ ವೈದ್ಯರಿದ್ದರು. 873ರಲ್ಲಿ ತೀರಿಕೊಂಡ ಅವರು ಗ್ಯಾಲನ್ನನ 129 ಕೃತಿಗಳ ಬಗ್ಗೆ, ಯಾವುದು ಯಾರಿಂದ ಅನುವಾದವಾಯಿತೆಂದು ಒಂದೊಂದಾಗಿ ಬರೆದಿಟ್ಟಿದ್ದಾರೆ. ಒಂದೇ ಪುಸ್ತಕದ ಹಲವು ಪ್ರತಿಗಳನ್ನು ಹೋಲಿಸಿ ತಿದ್ದಿಕೊಂಡ ನಂತರವೇ ಅನುವಾದಕ್ಕೆ ಕೈ ಹಾಕುತ್ತಿದ್ದರು. ಒಂದು ಗ್ರಂಥಕ್ಕಾಗಿ ಇರಾಕಿನಿಂದ ಸಿರಿಯಾ, ಫೆಲೆಸ್ತೀನ್, ಈಜಿಪ್ಟಿನವರೆಗೆ ಅಲೆದು, ಕೊನೆಗೆ ಡಮಾಸ್ಕಸ್‌ನಲ್ಲಿ ಅದರ ಸುಮಾರು ಅರ್ಧ ಭಾಗ ಮಾತ್ರ ಅವರಿಗೆ ಸಿಕ್ಕಿತು. ಒಂದು ಪದವನ್ನು ಸರಿಯಾಗಿ ತಿಳಿಯುವುದು ರೋಗಿಯ ಪ್ರಾಣದ ಪ್ರಶ್ನೆ ಎಂದು ಅವರು ಬಲ್ಲವರಾಗಿದ್ದರು.

ಆ ಕಾಲದ ಜನ ಎರಡು ದಾರಿ ಹಿಡಿದರು. ಸಾಧ್ಯವಿದ್ದಲ್ಲಿ ಅರ್ಥವನ್ನು ಅರಬಿಗೆ ತಂದರು. ‘ಪ್ರೋಗ್ನೋಸಿಸ್’ ಎಂದರೆ ಮುಂದಾಗುವುದನ್ನು ಮೊದಲೇ ಅರಿಯುವುದು. ಆ ಹೆಸರಿನ ಗ್ರೀಕ್ ಕೃತಿಗೆ ‘ತಕ್ದಿಮತುಲ್ ಮಅ್‌ರಿಫಾ’ ಎಂದೇ ಹೆಸರಿಟ್ಟರು. ಸಾಧ್ಯವಿಲ್ಲದಲ್ಲಿ ಗ್ರೀಕ್ ಪದವನ್ನೇ ಅರಬಿ ಅಕ್ಷರದಲ್ಲಿ ಬರೆದಿಟ್ಟರು. ಡಯಾಸ್ಕರೈಡಿಸನ ಗಿಡಮೂಲಿಕೆ ಗ್ರಂಥವನ್ನು ಅನುವಾದಿಸಿದ ಇಸ್ತಿಫಾನ್, ತನಗೆ ತಿಳಿಯದ ಸಸ್ಯಗಳ ಹೆಸರನ್ನು ಹಾಗೆಯೇ ಬಿಟ್ಟನು. ಮುಂದೆ ಬಲ್ಲವರು ಬಂದು ತಿಳಿಸಲಿ ಎಂಬುದು ಅವನ ಆಶಯವಾಗಿತ್ತು. ಸುಮಾರು ನೂರು ವರ್ಷಗಳ ಬಳಿಕ, ಹತ್ತನೇ ಶತಮಾನದ ಕೊರ್ಡೋವಾದಲ್ಲಿ ಮುಸ್ಲಿಮ್ ವೈದ್ಯರು, ಒಬ್ಬ ಯಹೂದಿ ವೈದ್ಯ ಮತ್ತು ಕಾನ್‌ಸ್ಟಾಂಟಿನೋಪಲ್‌ನಿಂದ ಬಂದ ಒಬ್ಬ ಕ್ರೈಸ್ತ ಸನ್ಯಾಸಿ ಒಟ್ಟಿಗೆ ಕುಳಿತು ಆ ಹೆಸರುಗಳನ್ನು ಬಿಡಿಸಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬರೆದಿಟ್ಟದ್ದರಿಂದಲೇ ಮುಂದಿನವರಿಗೆ ಅದು ಸಾಧ್ಯವಾಯಿತು.

ಅವರ ನಾಲಿಗೆಗೂ ಗ್ರೀಕ್ ಸುಲಭವಾಗಿರಲಿಲ್ಲ. ಅರಬಿಯಲ್ಲಿ ‘ಪ’ಕಾರವಿಲ್ಲ. ಹಿಪ್ಪೊಕ್ರೆಟಿಸ್ ಅವರ ಬಾಯಲ್ಲಿ ‘ಬುಕ್ರಾತ್’ ಆದರು, ಗ್ಯಾಲನ್ ‘ಜಾಲೀನೂಸ್’ ಆದರು. ಯಾರೂ ನಾಚಲಿಲ್ಲ. ಹಾಗಿರುವಾಗ ಮನೆಯ ಅಜ್ಜಿ ‘ಕೊಲೆಸ್ಟ್ರಿ’ ಎಂದರೆ ಮೊಮ್ಮಕ್ಕಳು ನಗುವುದು ಏಕೆ? ನಕ್ಕರೆ ಅಜ್ಜಿ ಮುಂದಿನ ಸಲ ಡಾಕ್ಟರ ಮುಂದೆ ಬಾಯಿಯೇ ಬಿಡುವುದಿಲ್ಲ. ತಿದ್ದಿ, ನಗಬೇಡಿ.

ಎಚ್ಚರಿಕೆಯೂ ಇರಲಿ

ಅರ್ಧ ತಿಳಿವಳಿಕೆ ಅಪಾಯ, ಸುಮ್ಮನೆ ಹೆದರಿಕೆ ಹೆಚ್ಚುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಅದರಲ್ಲಿ ಸತ್ಯವಿದೆ. ‘ಓಮಾ’ ಎಂಬ ಬಾಲ ಹೆಚ್ಚಾಗಿ ಗಡ್ಡೆಯನ್ನು ಸೂಚಿಸುತ್ತದೆ. ಕಾರ್ಸಿನೋಮಾ ಕ್ಯಾನ್ಸರ್ ಹೌದು. ಆದರೆ ಲೈಪೋಮಾ ಸಾಮಾನ್ಯವಾಗಿ ನಿರಪಾಯಕಾರಿ ಕೊಬ್ಬಿನ ಗಂಟು, ಹಿಮಟೋಮಾ ಒಳಗೆ ರಕ್ತ ಸೇರಿದ ಊತ, ಗ್ಲಾಕೋಮಾ ಗಡ್ಡೆಯೇ ಅಲ್ಲದ ಕಣ್ಣಿನ ಕಾಯಿಲೆ. ಹೆಸರು ಕೆಲವೊಮ್ಮೆ ಹಳೆಯ ತಪ್ಪನ್ನೂ ಹೊತ್ತು ಬರುತ್ತದೆ. ‘ಹಿಸ್ಟೀರಿಯಾ’ ಎಂಬ ಪದ ಗರ್ಭಕೋಶದ ಹೆಸರಿನಿಂದಲೇ ಬಂದದ್ದು. ಹೆಣ್ಣಿನ ಮನಸ್ಸಿನ ಸಂಕಟಕ್ಕೆಲ್ಲ ಗರ್ಭಕೋಶವೇ ಕಾರಣವೆಂದು ಹಿಂದಿನವರು ನಂಬಿದ್ದರು. ಅದು ಸುಳ್ಳು. ಆದ್ದರಿಂದ ಹೆಸರು ಬಿಡಿಸಲು ಬಂದ ಮಾತ್ರಕ್ಕೆ ಮಾತ್ರೆ ಬದಲಿಸಬೇಡಿ, ನಿಲ್ಲಿಸಬೇಡಿ, ಪಕ್ಕದ ಮನೆಯವರಿಗೆ ವೈದ್ಯರಾಗಬೇಡಿ. ಹೆಸರಿನ ಅರ್ಥ ಗೊತ್ತಿರಬೇಕಾದದ್ದು ಸರಿಯಾದ ಪ್ರಶ್ನೆ ಕೇಳಲು. ಉತ್ತರ ವೈದ್ಯರದ್ದೇ.

ಹಾಗೆಂದು ಹೊಣೆಯೆಲ್ಲ ನಮ್ಮದಲ್ಲ. ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳುವುದು ವೈದ್ಯರ ಕರ್ತವ್ಯ. ಆದರೆ ಸಾಲು ಹಿಡಿದ ನೂರು ರೋಗಿಗಳ ನಡುವೆ ನಿಮಗೆ ಸಿಗುವುದು ಕೆಲವೇ ನಿಮಿಷ. ಕೇಳಲು ಕಲಿತವರಿಗೆ ಆ ನಿಮಿಷಗಳು ಸಾಕಾಗುತ್ತವೆ.

ಇಷ್ಟು ಮಾಡಿ. ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಯಾರಿಗೆ ಯಾವ ಕಾಯಿಲೆ ಎಂದು ಅದರ ಪೂರ್ತಿ ಹೆಸರು, ಕನ್ನಡ ಲಿಪಿಯಲ್ಲಿ ಉಚ್ಚಾರಣೆ, ಪಕ್ಕದಲ್ಲಿ ಅರ್ಥ ಬರೆಯಿರಿ. ಡಾಕ್ಟರ ಬಳಿ, “ಈ ಹೆಸರನ್ನು ಬರೆದುಕೊಡಿ, ಇದರ ಅರ್ಥ ಕನ್ನಡದಲ್ಲೋ ಉರ್ದುವಿನಲ್ಲೋ ಹೇಳಿ” ಎಂದು ಕೇಳಿ. ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, ಸರಿಯೇ ಎಂದು ಖಚಿತಪಡಿಸಿಕೊಳ್ಳಿ. ಫಾರಂಗೆ ಸಹಿ ಹಾಕುವ ಮೊದಲು ಬಾಲ ನೋಡಿ: ಸ್ಕೋಪಿಯೋ, ಟಮಿಯೋ, ಎಕ್ಟಮಿಯೋ? ನಮ್ಮ ಮದ್ರಸಗಳಲ್ಲಿ, ಮಹಿಳೆಯರ ಕ್ಲಾಸುಗಳಲ್ಲಿ ಒಂದು ಸಂಜೆಯನ್ನು ಇದಕ್ಕಾಗಿ ಮೀಸಲಿಡಿ. ಊರಿನಲ್ಲಿ ನರ್ಸಿಂಗ್, ಫಾರ್ಮಸಿ ಓದುವ ಹೆಣ್ಣುಮಕ್ಕಳು ಈಗ ಸಾಕಷ್ಟಿದ್ದಾರೆ. ಅವರೇ ಕಲಿಸಲಿ, ನಮ್ಮ ಉಮ್ಮಂದಿರು ಕಲಿಯಲಿ.

ರಮಝಾನ್ ಬರುವ ಮೊದಲು, ಕನಿಷ್ಠ ಹೈಪೋ ಮತ್ತು ಹೈಪರ್ ಎಂಬ ಎರಡು ಪದಗಳ ವ್ಯತ್ಯಾಸ ನಿಮ್ಮ ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಲಿ. ಅಷ್ಟರಿಂದಲೇ ಶುರು ಮಾಡಿ.